ಮೋಶೆ ಮಾಡಿದ ಹಾವನ್ನು ಹಿಜ್ಕೀಯ ಯಾಕೆ ಒಡೆದ?

(ಓದುಗರ ಬಳಗವೊಂದರ ಸಂಜೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಎಳೆದಾಡಿದ ಕಡೆ ಕತ್ತರಿಸಿದ್ದೇನೆ, ಉಳಿದದ್ದು ಆಡಿದ ಹಾಗೇ ಇದೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಬೈಬಲಿನ ಎರಡನೆಯ ಅರಸುಗಳು ಪುಸ್ತಕದ 18ನೇ ಅಧ್ಯಾಯದಲ್ಲಿ, 4ನೇ ವಚನದಲ್ಲಿ, ಒಂದು ಸಣ್ಣ ಸುದ್ದಿ ಇದೆ. ಓದುತ್ತಾ ಹೋಗುವವರು ಅಲ್ಲಿ ನಿಲ್ಲುವುದು ಕಡಿಮೆ. ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದಲ್ಲಿ ಹಿಜ್ಕೀಯ ಅರಸನಾಗಿ ಪಟ್ಟಕ್ಕೆ ಬಂದ. ಗುಡ್ಡದ ಮೇಲಿನ ಪೂಜಾಸ್ಥಳಗಳನ್ನು ತೆಗೆಸಿದ, ಕಲ್ಲುಕಂಬಗಳನ್ನು ಒಡೆಸಿದ. ಹಾಗೆಯೇ ಮೋಶೆ ಮಾಡಿದ್ದ ತಾಮ್ರದ ಸರ್ಪವನ್ನೂ ಚೂರು ಮಾಡಿಸಿದ. ಅಲ್ಲಿಯವರೆಗೂ ಇಸ್ರಾಯೇಲ್ಯರು ಅದಕ್ಕೆ ಧೂಪ ಹಾಕುತ್ತಿದ್ದರಂತೆ. ನೆಹುಷ್ಟಾನ್ ಅಂತ ಅದಕ್ಕೊಂದು ಹೆಸರೂ ಇತ್ತು.

ಮೋಶೆ ಮಾಡಿದ್ದು! ಹತ್ತು ಆಜ್ಞೆಗಳನ್ನು ತಂದುಕೊಟ್ಟ ಮೋಶೆ. ಅದೂ ತಾನಾಗಿ ಮಾಡಿದ್ದಲ್ಲ. ಬೈಬಲಿನ ಅರಣ್ಯಕಾಂಡದ 21ನೇ ಅಧ್ಯಾಯ ನೋಡಿ. ಮರುಭೂಮಿಯಲ್ಲಿ ಜನ ಅನ್ನ ಇಲ್ಲ, ನೀರಿಲ್ಲ ಅಂತ ಗೊಣಗುತ್ತಾರೆ. ವಿಷದ ಹಾವುಗಳು ಬರುತ್ತವೆ, ಕಚ್ಚಿಸಿಕೊಂಡವರು ಸಾಯುತ್ತಾರೆ. ಆಗ ದೇವರೇ ಮೋಶೆಗೆ ಹೇಳುತ್ತಾನೆ: ಒಂದು ಸರ್ಪ ಮಾಡಿ ಕಂಬಕ್ಕೆ ಏರಿಸು, ಅದನ್ನು ನೋಡಿದವರು ಬದುಕುತ್ತಾರೆ. ಬದುಕಿದರು ಕೂಡ. ಎಷ್ಟೋ ಕಾಲದ ಮೇಲೆ ಯೇಸು ತನ್ನ ಬಗ್ಗೆ ಹೇಳಿಕೊಳ್ಳುವಾಗ ಇದೇ ಸರ್ಪದ ಮಾತು ತೆಗೆಯುತ್ತಾನೆ. ಅಂಥ ವಸ್ತು ಅದು.

ಇಸ್ರೇಲಿನ ದಕ್ಷಿಣದಲ್ಲಿ ತಿಮ್ನಾ ಎಂಬ ಕಡೆ ಹಳೆಯ ತಾಮ್ರದ ಗಣಿಗಳಿವೆ. 1969ರಲ್ಲಿ ಬೆನೊ ರೋಥೆನ್‌ಬರ್ಗ್ ಅಲ್ಲಿನ ಒಂದು ಪುಟ್ಟ ಗುಡಿಯನ್ನು ಅಗೆದಾಗ ತಾಮ್ರದ ಹಾವೊಂದು ಸಿಕ್ಕಿತು. ಅಂಗೈಯಲ್ಲಿ ಇಟ್ಟುಕೊಳ್ಳಬಹುದು, ಅಷ್ಟು ಸಣ್ಣದು. ಮೈ ಬರೀ ತಾಮ್ರ, ತಲೆಗೆ ಮಾತ್ರ ಚಿನ್ನದ ಲೇಪ. ಅದು ಮೋಶೆಯ ಹಾವು ಅಂತ ನಾನು ಹೇಳುತ್ತಿಲ್ಲ. ಆ ಸೀಮೆಯಲ್ಲಿ ಇಂಥವನ್ನು ಮಾಡುತ್ತಿದ್ದರು ಅನ್ನುವುದು ಗೊತ್ತಾಗಲಿ ಅಂತ ಹೇಳಿದೆ, ಅಷ್ಟೇ.

ಮೋಶೆ ಮಾಡಿದ ಹಾವನ್ನು ಜನ ಇಟ್ಟುಕೊಂಡರು. ಇಟ್ಟುಕೊಳ್ಳದೆ ಇರುತ್ತಾರಾ? ಅಜ್ಜ ಮುತ್ತಜ್ಜಂದಿರ ಜೀವ ಉಳಿಸಿದ ವಸ್ತು. ಮೊದಲು ಯಾರೋ ಒರೆಸಿ ಇಟ್ಟಿರಬೇಕು. ಆಮೇಲೆ ಯಾರೋ ಕೈ ಮುಗಿದಿರಬೇಕು. ಬೈಬಲಿನ ಲೆಕ್ಕದಲ್ಲೇ ಮೋಶೆಗೂ ಹಿಜ್ಕೀಯನಿಗೂ ನಡುವೆ 500 ವರ್ಷಕ್ಕೂ ಜಾಸ್ತಿ. ಯಾವ ದಿನ ಅದು ನೆನಪಿನ ವಸ್ತುವಾಗಿದ್ದು ಹೋಗಿ ಪೂಜೆಯ ವಸ್ತುವಾಯಿತು ಅಂತ ಪುಸ್ತಕ ಹೇಳುವುದಿಲ್ಲ. ಆ ಜನರಿಗೂ ಗೊತ್ತಾಗಿರಲಿಕ್ಕಿಲ್ಲ.

ನಾನು ಚರ್ಚಿಗೆ ಹೋಗುವ ಮನೆಯಲ್ಲಿ ಬೆಳೆದವನು. ವಿಗ್ರಹಾರಾಧನೆಯ ಬಗ್ಗೆ ಬೈಬಲಿನ ಎಚ್ಚರಿಕೆ ಅಂದರೆ ಅದು ಪಕ್ಕದ ಮನೆಯವರಿಗೆ ಅಂತ ಅಂದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮಲ್ಲಿ ಕೆಲವರು ಇವತ್ತು ಸ್ವಲ್ಪ ಮೈ ಬಿಗಿ ಮಾಡಿಕೊಂಡೇ ಕೂತಿರಬಹುದು, ಇವನು ನಮ್ಮ ದೇವರನ್ನು ಬೈಯಲಿಕ್ಕೆ ಬಂದಿದ್ದಾನೋ ಏನೋ ಅಂತ. ಆರಾಮಾಗಿ ಕೂತುಕೊಳ್ಳಿ. ಆ ಪುಸ್ತಕಗಳನ್ನು ಬರೆದವರು ಬರೆದದ್ದು ತಮ್ಮವರಿಗೆ. ಅದರಲ್ಲೂ ಅತಿ ಕಟುವಾದ ಮಾತುಗಳು ತಮ್ಮದೇ ಪವಿತ್ರ ವಸ್ತುಗಳ ಬಗ್ಗೆ, ತಮ್ಮದೇ ಗುಡಿಗಳ ಬಗ್ಗೆ. ಇವತ್ತು ನಾನು ಹಿಡಿದುಕೊಂಡಿರುವ ಎಳೆ ಇದೊಂದೇ.

ಹಿಜ್ಕೀಯನ ಕೆಲಸ ಊರಲ್ಲಿ ಎಲ್ಲರಿಗೂ ಹಿಡಿಸಿತ್ತು ಅಂತ ತಿಳಿಯಬೇಡಿ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಸೇನೆ ಜೆರುಸಲೇಮಿಗೆ ಬಂದಾಗ ಅವರ ಅಧಿಕಾರಿ ಕೋಟೆಯ ಹೊರಗೆ ನಿಂತು, ಗೋಡೆ ಮೇಲಿದ್ದ ಜನಕ್ಕೆ ಕೇಳಲಿ ಅಂತ ಕೂಗಿ ಹೇಳುತ್ತಾನೆ. ನಿಮ್ಮ ದೇವರನ್ನು ನಂಬಿದ್ದೀರಾ? ಆ ದೇವರ ಪೂಜಾಸ್ಥಳಗಳನ್ನೇ ತಾನೇ ನಿಮ್ಮ ಅರಸ ಕೆಡವಿಸಿದ್ದು? ಪಕ್ಕಾ ರಾಜಕಾರಣಿಯ ಮಾತು. ಊರೊಳಗೆ ಈ ಅಸಮಾಧಾನ ಇದೆ ಅಂತ ಹೊರಗಿನ ಶತ್ರುವಿಗೂ ಸುದ್ದಿ ಹೋಗಿತ್ತು ಅನ್ನಿಸುತ್ತದೆ.

ಬೇರ್ಷೆಬ ಅಂತ ಒಂದು ಊರು. 1973ರಲ್ಲಿ ಯೋಹಾನಾನ್ ಅಹರೋನಿ ಅವರ ತಂಡ ಅಲ್ಲಿ ಅಗೆಯುವಾಗ ಉಗ್ರಾಣದ ಗೋಡೆಯಲ್ಲಿ ಕೆಲವು ಬೇರೆ ಥರದ ಕಲ್ಲುಗಳು ಕಂಡವು. ಚೆನ್ನಾಗಿ ಕೆತ್ತಿದ ಕಲ್ಲುಗಳು, ಕೆಲವಕ್ಕೆ ಕೊಂಬಿನ ಆಕಾರ. ಜೋಡಿಸಿ ನೋಡಿದರೆ ಬಲಿಪೀಠ. ಯಾರೋ ಅದನ್ನು ಬಿಚ್ಚಿ, ಕಲ್ಲು ದಂಡ ಮಾಡುವುದ್ಯಾಕೆ ಅಂತ ಗೋಡೆಗೆ ಹಾಕಿದ್ದಾರೆ. ಅದರಲ್ಲಿ ಒಂದು ಕಲ್ಲಿನ ಮೇಲೆ ಹಾವಿನ ಗೆರೆ ಕೊರೆದಿದೆ. ಹಿಜ್ಕೀಯನ ಸುಧಾರಣೆಯಲ್ಲೇ ಬಿಚ್ಚಿದ್ದು ಅಂತ ಹಲವು ಪಂಡಿತರು ಹೇಳುತ್ತಾರೆ. ಒಪ್ಪದವರೂ ಇದ್ದಾರೆ.

ಈಗ ಚಿನ್ನದ ಕರುವಿನ ಕಥೆಗೆ ಬರೋಣ. ಇದು ಗೊತ್ತಿಲ್ಲದವರು ಕಡಿಮೆ. ವಿಮೋಚನಕಾಂಡ 32. ಮೋಶೆ ಬೆಟ್ಟ ಹತ್ತಿ 40 ದಿನ ಆಯಿತು, ಇಳಿದು ಬರಲಿಲ್ಲ. ಜನ ಮೋಶೆಯ ಅಣ್ಣ ಆರೋನನ ಹತ್ತಿರ ಹೋಗಿ, ನಮ್ಮ ಮುಂದೆ ನಡೆಯುವ ದೇವರನ್ನು ಮಾಡಿಕೊಡು ಅನ್ನುತ್ತಾರೆ. ಹೆಂಡತಿ ಮಕ್ಕಳ ಕಿವಿಯ ಓಲೆ ಬಿಚ್ಚಿ ತನ್ನಿ ಅನ್ನುತ್ತಾನೆ ಆರೋನ. ಕರು ತಯಾರಾಗುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಮುಂದಿನ ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಕರುವಿನ ಮುಂದೆ ಬಲಿಪೀಠ ಕಟ್ಟಿ ಆರೋನ ಸಾರುತ್ತಾನೆ: ನಾಳೆ ಯೆಹೋವನ ಹಬ್ಬ.

ಯೆಹೋವನ ಹಬ್ಬ, ಕೇಳಿಸಿಕೊಂಡಿರಾ? ಬೇರೆ ದೇವರ ಹೆಸರು ಅಲ್ಲಿ ಬರುವುದೇ ಇಲ್ಲ. ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡಿಸಿದ ಅದೇ ದೇವರಿಗೆ ಹಬ್ಬ. ಮೋಶೆ ಕಾಣುತ್ತಿಲ್ಲ, ದೇವರೂ ಕಾಣುತ್ತಿಲ್ಲ, ಕಣ್ಣಿಗೆ ಕಾಣುವ ಒಂದು ಬೇಕಾಗಿತ್ತು. ಧರ್ಮೋಪದೇಶಕಾಂಡದ 4ನೇ ಅಧ್ಯಾಯದಲ್ಲಿ ಮೋಶೆ ಇದಕ್ಕೇ ಜನರಿಗೆ ನೆನಪಿಸುತ್ತಾನೆ: ಆ ದಿನ ಬೆಂಕಿಯೊಳಗಿಂದ ನಿಮಗೆ ದನಿ ಕೇಳಿಸಿತೇ ಹೊರತು ಯಾವ ರೂಪವೂ ಕಾಣಿಸಲಿಲ್ಲ, ಆದ್ದರಿಂದ ರೂಪ ಮಾಡಬೇಡಿ.

ಚಿನ್ನ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ಐಗುಪ್ತ ಬಿಡುವಾಗ ಅಲ್ಲಿನವರಿಂದ ಕೇಳಿ ತಂದ ಚಿನ್ನ ಅವರ ಹತ್ತಿರ ಇತ್ತು. ಅದೇ ಹೊತ್ತಿಗೆ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಆರಾಧನೆಯ ಗುಡಾರದ ಲೆಕ್ಕ ಕೊಡುತ್ತಿದ್ದಾನೆ, ಅದಕ್ಕೂ ಚಿನ್ನವೇ ಬೇಕು. ಅದೇ ಜನ, ಅದೇ ಚಿನ್ನ. ಆಮೇಲೆ ಗುಡಾರಕ್ಕೆ ಕೊಡಿ ಅಂದಾಗ ಎಷ್ಟು ಕೊಟ್ಟರೆಂದರೆ, ಸಾಕು ಇನ್ನು ತರಬೇಡಿ ಅಂತ ಮೋಶೆ ಸಾರಿಸಬೇಕಾಯಿತು. ಭಕ್ತಿ ಕಡಿಮೆ ಇದ್ದ ಜನವೇನೂ ಅಲ್ಲ ಅವರು.

ಇಡೀ ಬೈಬಲಿನಲ್ಲಿ ನನಗೆ ಅತಿ ಹೆಚ್ಚು ನಗು ಬರಿಸುವ ಮಾತು ಈ ಕಥೆಯಲ್ಲೇ ಇದೆ. ಏನಯ್ಯಾ ಮಾಡಿದೆ ಅಂತ ಮೋಶೆ ಕೇಳಿದರೆ ಆರೋನ ಹೇಳುತ್ತಾನೆ: ಅವರು ಚಿನ್ನ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ಇಪ್ಪತ್ತು ವಚನಗಳ ಹಿಂದೆ ಅವನೇ ಉಳಿ ಹಿಡಿದು ರೂಪ ಕೊಟ್ಟ ಅಂತ ಬರೆದಿದೆ!

ಆಮೇಲಿನದು ನಗುವ ವಿಷಯವಲ್ಲ. ಮೋಶೆ ಕರುವನ್ನು ಸುಟ್ಟು, ಪುಡಿ ಮಾಡಿ, ನೀರಿಗೆ ಕಲಸಿ ಜನರಿಗೆ ಕುಡಿಸುತ್ತಾನೆ. ಮೋಶೆಯ ಕುಲದವರಾದ ಲೇವಿಯರು ಕತ್ತಿ ಹಿಡಿಯುತ್ತಾರೆ, ಆ ದಿನ ಸುಮಾರು 3,000 ಜನ ಸಾಯುತ್ತಾರೆ. ಕರು ಮಾಡಿದ ಆರೋನ ಉಳಿದುಕೊಳ್ಳುತ್ತಾನೆ, ಮುಂದೆ ಮಹಾಯಾಜಕನೂ ಆಗುತ್ತಾನೆ. ಇದನ್ನು ಓದುವಾಗ ನನಗೆ ಕಸಿವಿಸಿ ಆಗುತ್ತದೆ. ಆಗಬಾರದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಗಿದ್ಯೋನನ ಕಥೆ ಅಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಅದು ಇನ್ನೂ ಹತ್ತಿರದ್ದು. ನ್ಯಾಯಸ್ಥಾಪಕರು 6ರಿಂದ 8. ಬೆಳೆ ದೋಚಲಿಕ್ಕೆ ಬರುವ ಮಿದ್ಯಾನರಿಗೆ ಹೆದರಿ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಬಚ್ಚಿಟ್ಟುಕೊಂಡು ಗೋಧಿ ಬಡಿಯುತ್ತಿದ್ದ ಹುಡುಗ. ಅವನಿಗೆ ಸಿಕ್ಕ ಮೊದಲ ಕೆಲಸವೇ ಅಪ್ಪನ ಮನೆಯಲ್ಲಿದ್ದ, ಬಾಳ ಎಂಬ ಕಾನಾನ್ಯರ ದೇವರ ಬಲಿಪೀಠ ಕೆಡವುವುದು. ಹತ್ತು ಆಳುಗಳನ್ನು ಕರೆದುಕೊಂಡು ರಾತ್ರಿ ಹೋಗಿ ಕೆಡವುತ್ತಾನೆ. ಹಗಲು ಮಾಡಲಿಕ್ಕೆ ಮನೆಯವರ ಭಯ, ಊರವರ ಭಯ. ಬೆಳಿಗ್ಗೆ ಊರವರು ಕೊಲ್ಲಲಿಕ್ಕೆ ಬಂದರೆ ಅಪ್ಪ ಒಳ್ಳೆಯ ಮಾತು ಹೇಳುತ್ತಾನೆ: ಬಾಳ ದೇವರೇ ಆಗಿದ್ದರೆ ತನ್ನ ಜಗಳ ತಾನೇ ಆಡಲಿ, ನೀವ್ಯಾಕೆ ಬಂದಿರಿ?

ಆಮೇಲೆ 300 ಜನರನ್ನು ಕಟ್ಟಿಕೊಂಡು ಗೆಲ್ಲುತ್ತಾನೆ. ಜನ ನೀನೇ ನಮ್ಮನ್ನು ಆಳು ಅನ್ನುತ್ತಾರೆ. ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ಯೆಹೋವನೇ ಆಳಲಿ ಅನ್ನುತ್ತಾನೆ. ಎಂಥಾ ಮಾತು! ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದೇ ಉಸಿರಿನಲ್ಲಿ, ನನ್ನದೊಂದು ಕೋರಿಕೆ, ಕೊಳ್ಳೆಯಲ್ಲಿ ಸಿಕ್ಕ ಓಲೆ ಒಂದೊಂದು ಕೊಡಿ ಅನ್ನುತ್ತಾನೆ. ಜನ ಬಟ್ಟೆ ಹಾಸಿ ಅದರ ಮೇಲೆ ಎಸೆಯುತ್ತಾರೆ. ಮತ್ತೆ ಓಲೆ ನೋಡಿ! ತೂಕ 1,700 ಶೆಕೆಲ್. ಒಂದು ಶೆಕೆಲಿಗೆ ಸುಮಾರು 11 ಗ್ರಾಂ ಹಿಡಿದರೆ 19 ಕಿಲೊ ಹತ್ತಿರ. ಅದರಿಂದ ಒಂದು ಏಫೋದು ಮಾಡಿಸಿ ತನ್ನೂರಾದ ಒಫ್ರದಲ್ಲಿ ಇಡುತ್ತಾನೆ.

ಏಫೋದು ಅಂದರೆ ಯಾಜಕರು ತೊಡುವ ಪವಿತ್ರ ಉಡುಪು. ವಿಗ್ರಹ ಅಂತ ಪುಸ್ತಕ ಅದನ್ನು ಕರೆಯುವುದಿಲ್ಲ. ದೇವರಿಗೆ ಕೃತಜ್ಞತೆ ಅಂತಲೇ ಮಾಡಿಸಿರಬಹುದು. ಆದರೆ ಇಡೀ ಇಸ್ರಾಯೇಲು ಅದರ ಹಿಂದೆ ಬಿತ್ತು, ಗಿದ್ಯೋನನಿಗೂ ಅವನ ಮನೆಗೂ ಅದು ಉರುಲಾಯಿತು ಅಂತ ಪುಸ್ತಕ ಹೇಳುತ್ತದೆ. ರಾತ್ರೋರಾತ್ರಿ ಬಾಳನ ಬಲಿಪೀಠ ಕೆಡವಿದ ಅದೇ ಕೈ ಇದನ್ನು ಮಾಡಿಸಿದ್ದು. ಅವನು ಸತ್ತ ಮೇಲೆ ಏನಾಯಿತು ಗೊತ್ತಾ? ಮಗ ಅಬೀಮೆಲೆಕ ಬಾಳ್‌ಬೆರೀತನ ಗುಡಿಯಿಂದ 70 ಬೆಳ್ಳಿ ತೆಗೆದುಕೊಂಡು, ಪುಂಡರನ್ನು ಕಟ್ಟಿಕೊಂಡು, ಒಫ್ರಕ್ಕೇ ಬಂದು ತನ್ನ ಅಣ್ಣತಮ್ಮಂದಿರನ್ನು ಕೊಂದು ಅರಸನಾದ.

ಯಾರೊಬ್ಬಾಮನದು ಬೇರೆಯೇ ಲೆಕ್ಕ, ಅಲ್ಲಿ ರಾಜಕೀಯ ಬಂತು. ಅರಸ ಸೊಲೊಮೋನ ಸತ್ತ ಮೇಲೆ, ಕ್ರಿಸ್ತಪೂರ್ವ 930ರ ಆಸುಪಾಸು, ಬಿಟ್ಟಿ ದುಡಿಮೆಯಿಂದ ಬೇಸತ್ತ ಉತ್ತರದ ಹತ್ತು ಕುಲಗಳು ಬೇರೆಯಾಗಿ ಇವನನ್ನು ಅರಸನನ್ನಾಗಿ ಮಾಡಿಕೊಂಡವು. ಅವರ ದೂರು ನ್ಯಾಯವಾಗಿಯೇ ಇತ್ತು. ಆದರೆ ಹೊಸ ಅರಸನಿಗೆ ಒಂದು ಚಿಂತೆ. ಜನ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಾರೆ, ಹೋದವರ ಮನಸ್ಸು ಅಲ್ಲಿನ ಅರಸನ ಕಡೆ ತಿರುಗಿದರೆ? ಎರಡು ಚಿನ್ನದ ಕರು ಮಾಡಿಸಿದ. ಒಂದು ಬೇತೇಲಿನಲ್ಲಿ, ಇನ್ನೊಂದು ಉತ್ತರದ ತುದಿಯ ದಾನ್‌ನಲ್ಲಿ. ಜನರಿಗೆ ಹೇಳಿದ್ದು ಏನು? ಅಷ್ಟು ದೂರ ಹೋಗಿ ಸಾಕಾಗಿದೆ ನಿಮಗೆ, ಅಲ್ವಾ? ಇಲ್ಲೇ ಇದೆ ನೋಡಿ. ಬೇತೇಲ್ ಜೆರುಸಲೇಮಿಗೆ 20 ಕಿಲೊಮೀಟರೂ ದೂರವಿಲ್ಲ ಅನ್ನುವುದು ಬೇರೆ ಮಾತು. ಹಬ್ಬದ ತಿಂಗಳನ್ನೂ ತಾನೇ ಯೋಚಿಸಿ ಇಟ್ಟ.

ದಾನ್ ಇದ್ದ ಜಾಗವನ್ನು ಅವ್ರಹಾಮ್ ಬಿರಾನ್ 1966ರಿಂದ ದಶಕಗಳ ಕಾಲ ಅಗೆದರು. ಯೊರ್ದನ್ ನದಿಯ ಒಂದು ಮೂಲ ಅಲ್ಲೇ ಚಿಮ್ಮುತ್ತದೆ, ಸುತ್ತ ಮರಗಳ ನೆರಳು. ಕಲ್ಲಿನ ದೊಡ್ಡ ಜಗಲಿ ಇದೆ. ಅದರ ಮುಂದೆ ಬಲಿಪೀಠ ಎಷ್ಟು ದೊಡ್ಡದಿತ್ತು ಅಂತ ತೋರಿಸಲಿಕ್ಕೆ ಈಗ ಲೋಹದ ಚೌಕಟ್ಟು ನಿಲ್ಲಿಸಿದ್ದಾರೆ. ಕರು ಸಿಕ್ಕಿಲ್ಲ.

ಇಲ್ಲಿ ಒಂದು ತೊಡಕಿದೆ, ಮುಚ್ಚಿಡಬಾರದು. ಜೆರುಸಲೇಮಿನ ಸೊಲೊಮೋನನ ದೇವಾಲಯದಲ್ಲಿ ತಾಮ್ರದ ದೊಡ್ಡ ನೀರಿನ ತೊಟ್ಟಿ ಇತ್ತು. ಅದನ್ನು ಹೊತ್ತು ನಿಂತಿದ್ದು ತಾಮ್ರದ 12 ಹೋರಿಗಳು! ಒಳಗೆ ಮಂಜೂಷದ, ಅಂದರೆ ದೇವರ ಆಜ್ಞೆಗಳ ಪವಿತ್ರ ಪೆಟ್ಟಿಗೆಯ, ಹತ್ತಿರ ಕೆರೂಬಿಗಳು ಎಂಬ ರೆಕ್ಕೆಯ ಪ್ರತಿಮೆಗಳು. ಹಾಗಾದರೆ ಅಲ್ಲಿನ ಹೋರಿ ಸರಿ, ಇಲ್ಲಿನ ಕರು ತಪ್ಪಾ? ಅರಸುಗಳ ಪುಸ್ತಕ ಬರೆದವರು ಜೆರುಸಲೇಮಿನ ಪಕ್ಷದವರು, ಅದನ್ನು ಮರೆಯದೆ ಓದಬೇಕು. ಯಾರೊಬ್ಬಾಮನ ಕಡೆಯವರು ಬರೆದ ಪುಸ್ತಕ ಉಳಿದಿದ್ದರೆ ಕಥೆ ಬೇರೆ ಇರುತ್ತಿತ್ತು. ಆದರೂ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಆ 12 ಹೋರಿಗಳಿಗೆ ಯಾರೂ ಕೈ ಮುಗಿದ ಸುದ್ದಿ ಇಲ್ಲ. ಉತ್ತರದ ಜನ ಕರುಗಳಿಗೆ ಮುತ್ತಿಡುತ್ತಾರೆ ಅಂತ ಪ್ರವಾದಿ ಹೋಶೇಯ ಬರೆಯುತ್ತಾನೆ. ಅವನು ಉತ್ತರದವನೇ, ಜೆರುಸಲೇಮಿನ ಪಕ್ಷದವನಲ್ಲ.

ಇನ್ನೂ ಮುಖ್ಯವಾದದ್ದು ಪ್ರವಾದಿ ಆಮೋಸನ ಪುಸ್ತಕದಲ್ಲಿದೆ. ಆಮೋಸ ಕುರಿ ಮೇಯಿಸುವವನು, ಅತ್ತಿಹಣ್ಣಿನ ಕೆಲಸದವನು. ಬೇತೇಲಿಗೆ ಬಂದು ಮಾತಾಡಿದಾಗ ಅಲ್ಲಿನ ಯಾಜಕ ಅಮಚ್ಯ ಹೇಳುತ್ತಾನೆ: ಇಲ್ಲಿ ಬಾಯಿ ಬಿಡಬೇಡ, ಇದು ಅರಸನ ಗುಡಿ, ರಾಜ್ಯದ ದೇವಾಲಯ. ದೇವರ ಗುಡಿ ಅನ್ನುವುದು ಅವನ ಬಾಯಿಗೇ ಬರಲಿಲ್ಲ.

ಅಂಥ ಗುಡಿಗಳಲ್ಲಿ ನಡೆಯುತ್ತಿದ್ದದ್ದು ಏನು? ಆಮೋಸ ಹೇಳುತ್ತಾನೆ: ಅಡವು ಇಟ್ಟುಕೊಂಡ ಬಟ್ಟೆಗಳನ್ನು ಹಾಸಿಕೊಂಡು ಬಲಿಪೀಠದ ಪಕ್ಕದಲ್ಲೇ ಒರಗಿದ್ದಾರೆ. ಮೋಶೆಯ ಕಾನೂನಿನಲ್ಲಿ ಬಡವನ ಹೊದಿಕೆ ಅಡವು ಇಟ್ಟುಕೊಂಡರೆ ಸೂರ್ಯ ಮುಳುಗುವ ಮುಂಚೆ ಕೊಟ್ಟುಬಿಡಬೇಕು. ರಾತ್ರಿ ಹೊದೆಯಲಿಕ್ಕೆ ಅವನಿಗೆ ಇರುವುದು ಅದೊಂದೇ. ಇದು ಬರೀ ಪುಸ್ತಕದ ಮಾತಲ್ಲ. ಆಮೋಸನಿಗಿಂತ ನೂರು ವರ್ಷಕ್ಕೂ ಈಚಿನ ಒಂದು ಮಡಕೆ ಚೂರು 1960ರಲ್ಲಿ ಸಮುದ್ರ ತೀರದ ಒಂದು ಸಣ್ಣ ಕೋಟೆಯಲ್ಲಿ ಸಿಕ್ಕಿತು. ಮೇಲೆ ಶಾಯಿಯಲ್ಲಿ ಬರೆದಿದೆ. ಕೊಯ್ಲಿನ ಕೂಲಿಯೊಬ್ಬ ಅಧಿಕಾರಿಗೆ ಬರೆಸಿದ ಅರ್ಜಿ ಅದು. ನನ್ನ ಪಾಲಿನ ಕೆಲಸ ಮುಗಿಸಿದ್ದೇನೆ, ಆದರೂ ಮೇಸ್ತ್ರಿ ನನ್ನ ಬಟ್ಟೆ ಕಿತ್ತುಕೊಂಡಿದ್ದಾನೆ, ಜೊತೆಯವರು ಸಾಕ್ಷಿ ಹೇಳುತ್ತಾರೆ, ದಯವಿಟ್ಟು ಕೊಡಿಸಿ. ಬಟ್ಟೆ ಸಿಕ್ಕಿತೋ ಇಲ್ಲವೋ, ಚೂರು ಅಷ್ಟಕ್ಕೇ ಮುಗಿಯುತ್ತದೆ.

ಅಂಥ ಬಟ್ಟೆ ಹಾಸಿಕೊಂಡು ದೇವರ ಮುಂದೆ ಕೂತ ಜನರನ್ನು ಆಮೋಸ ಬೈಯುತ್ತಿರುವುದು. ಕರುವಿನ ಮುಂದೆ ಧೂಪ ಹಾಕಿದರೆ ಅದು ಏನೂ ಕೇಳುವುದಿಲ್ಲ. ಬಟ್ಟೆ ಎಲ್ಲಿಂದ ಬಂತು ಅಂತ ಕೇಳುವ ದೇವರು ಅವರಿಗೆ ಬೇಡವಾಗಿತ್ತು.

ಜೆರುಸಲೇಮಿನವರು ಇದನ್ನೆಲ್ಲ ಕೇಳಿ, ನಮ್ಮಲ್ಲಿ ಕರು ಇಲ್ಲಪ್ಪ ಅಂತ ಸಮಾಧಾನ ಪಟ್ಟಿರಬೇಕು. ಅವರ ಸರದಿ ಪ್ರವಾದಿ ಯೆರೆಮೀಯನ ಕಾಲಕ್ಕೆ ಬಂತು. ಅವನು ದೇವಾಲಯದ ಬಾಗಿಲಲ್ಲೇ ನಿಂತು ಹೇಳುತ್ತಾನೆ: ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಅಂತ ಜಪ ಮಾಡುವುದು ಬಿಡಿ. ಕದಿಯುತ್ತೀರಿ, ಕೊಲ್ಲುತ್ತೀರಿ, ಸುಳ್ಳು ಆಣೆ ಇಡುತ್ತೀರಿ, ಆಮೇಲೆ ಇಲ್ಲಿ ಬಂದು ನಾವು ಪಾರಾದೆವು ಅನ್ನುತ್ತೀರಿ. ಶೀಲೋಗೆ ಹೋಗಿ ನೋಡಿ ಬನ್ನಿ, ಅಲ್ಲಿದ್ದ ಆಲಯಕ್ಕೆ ಏನಾಯಿತು ಅಂತ. ದೇವಾಲಯವನ್ನು ಅವನು ವಿಗ್ರಹ ಅಂತ ಕರೆಯಲಿಲ್ಲ, ನಾನೂ ಅವನ ಬಾಯಲ್ಲಿ ಅದನ್ನು ಹಾಕುವುದಿಲ್ಲ. ಆದರೆ ತಾಮ್ರದ ಸರ್ಪಕ್ಕೆ ಆದದ್ದೇ ಈ ಕಟ್ಟಡಕ್ಕೂ ಆಗಿತ್ತು ಅಂತ ನನ್ನ ಅಭಿಪ್ರಾಯ. ಕ್ರಿಸ್ತಪೂರ್ವ 586ರಲ್ಲಿ ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಅದನ್ನು ಸುಟ್ಟರು.

ಇನ್ನು ಪ್ರವಾದಿ ಯೆಶಾಯನ ಪುಸ್ತಕದ 44ನೇ ಅಧ್ಯಾಯ. ಬಡಗಿಯೊಬ್ಬ ಮರ ಕಡಿಯುತ್ತಾನೆ. ಅರ್ಧ ಒಲೆಗೆ ಹಾಕಿ ರೊಟ್ಟಿ ಸುಡುತ್ತಾನೆ, ಆಹಾ ಬೆಚ್ಚಗಾಯಿತು ಅನ್ನುತ್ತಾನೆ. ಉಳಿದರ್ಧದಲ್ಲಿ ದೇವರನ್ನು ಕೆತ್ತಿ ಕಾಪಾಡು ಅನ್ನುತ್ತಾನೆ. ಓದಿದರೆ ಮಜಾ ಬರುತ್ತದೆ. 19ನೇ ಶತಮಾನದ ಮಿಷನರಿಗಳು ನಮ್ಮ ಪೇಟೆಗಳಲ್ಲಿ ನಿಂತು ವಿಗ್ರಹಗಳನ್ನು ಆಡಿಕೊಂಡದ್ದು ಇದೇ ಧಾಟಿಯಲ್ಲಿ. ಆದರೆ ಇದನ್ನು ಯಾರು ಯಾರಿಗೆ ಹೇಳಿದ್ದು? ಈ ಅಧ್ಯಾಯಗಳ ಮಾತು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ. ಊರು ಸುಟ್ಟಿದೆ, ಗುಡಿ ಇಲ್ಲ, ಗೆದ್ದವರ ದೇವರುಗಳು ಬೀದಿಯಲ್ಲಿ ಮೆರವಣಿಗೆ ಹೋಗುತ್ತಿವೆ. ಸೋತವನು ಸೋತವನಿಗೆ ಧೈರ್ಯ ಹೇಳಲಿಕ್ಕೆ ಮಾಡಿದ ತಮಾಷೆ ಅದು. ಅದನ್ನೇ ಅಧಿಕಾರ ಇರುವವನು ಎದುರಿನವನಿಗೆ ಹೇಳಿದರೆ ಬೈಗುಳ ಆಗುತ್ತದೆ.

ಬಾಬೆಲಿನವರು ಕಟ್ಟಿಗೆಯನ್ನೇ ದೇವರು ಅಂದುಕೊಂಡ ದಡ್ಡರೂ ಅಲ್ಲ. ಮೂರ್ತಿಯ ಬಾಯಿ ತೊಳೆಯುವ ಒಂದು ವಿಧಿ ಅವರಲ್ಲಿತ್ತು. ಮಣ್ಣಿನ ಹಲಗೆಗಳ ಮೇಲೆ ಅದರ ವಿವರ ಉಳಿದಿದೆ. ಶಿಲ್ಪಿಗಳ ಕೈಯನ್ನು ಮರದ ಕತ್ತಿಯಿಂದ ಕತ್ತರಿಸಿದ ಹಾಗೆ ಮಾಡುತ್ತಿದ್ದರು. ಇದನ್ನು ನಾನು ಮಾಡಲಿಲ್ಲ, ದೇವರೇ ಮಾಡಿದ್ದು ಅಂತ ಶಿಲ್ಪಿ ಆಣೆ ಇಡಬೇಕಿತ್ತು. ಪ್ರಾಣಪ್ರತಿಷ್ಠೆ ಗೊತ್ತಿರುವ ನಿಮಗೆ ಇದರ ಹಿಂದಿನ ಯೋಚನೆ ಹೊಸದೇನಲ್ಲ. ಯೆಶಾಯನ ಪುಸ್ತಕದ ನಿಜವಾದ ಪೆಟ್ಟು 44ರಲ್ಲಿ ಇಲ್ಲ, 46ರಲ್ಲಿದೆ. ಬೇಲ್, ನೆಬೋ ದೇವರುಗಳನ್ನು ದಣಿದ ಎತ್ತುಕತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದಾರೆ. ನಾನಾದರೆ ನೀವು ಹುಟ್ಟಿದಾಗಿನಿಂದ ತಲೆ ನರೆಯುವ ತನಕ ನಿಮ್ಮನ್ನು ಹೊತ್ತಿದ್ದೇನೆ ಅನ್ನುತ್ತಾನೆ ದೇವರು.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಹಿಜ್ಕೀಯ ಅಷ್ಟೆಲ್ಲ ಒಡೆದನಲ್ಲ ಸಾರ್, ಅದರಿಂದ ಏನಾದರೂ ಬದಲಾಯಿತಾ?"

ಮಗನ ಕಾಲಕ್ಕೆ ಎಲ್ಲ ವಾಪಸ್ ಬಂತು. ಅಪ್ಪ ಕೆಡವಿದ ಪೂಜಾಸ್ಥಳಗಳನ್ನು ಮಗ ಮನಸ್ಸೆ ತಿರುಗಿ ಕಟ್ಟಿಸಿದ. 55 ವರ್ಷ ಆಳಿದ ಅಂತ ಬರೆದಿದೆ. ಒಡೆಯುವುದರಿಂದ ಆಗುವ ಕೆಲಸಕ್ಕೆ ಒಂದು ಮಿತಿ ಇದೆ ಅಂತ ಅರಸುಗಳ ಪುಸ್ತಕವೇ ಒಪ್ಪಿಕೊಂಡ ಹಾಗಿದೆ ಸರ್, ಅಂದೆ.

ಇನ್ನೊಬ್ಬರು, ಕಾಲೇಜಿನಲ್ಲಿ ಪಾಠ ಮಾಡುವವರು, ಹೊಸ ಒಡಂಬಡಿಕೆಯ ಬಗ್ಗೆ, ಯೇಸುವಿನ ಸುದ್ದಿ ಸಾರುತ್ತಾ ತಿರುಗಿದ ಪೌಲನ ಬಗ್ಗೆ ಕೇಳಿದರು: "ಪೌಲ ಊರೂರು ತಿರುಗಿದನಲ್ಲ, ಬೇರೆಯವರ ಗುಡಿಗಳ ಮುಂದೆ ಹೇಗೆ ನಡೆದುಕೊಂಡ?"

ಅದಕ್ಕೆ ಎಫೆಸದ ಕಥೆ ಹೇಳಿದೆ, ಮೇಡಂ ಕೇಳದೆ ಇದ್ದಿದ್ದರೆ ಮರೆತೇ ಹೋಗುತ್ತಿತ್ತು. ಅಪೊಸ್ತಲರ ಕೃತ್ಯಗಳು 19. ಅಲ್ಲಿ ದೇಮೇತ್ರಿಯ ಅಂತ ಒಬ್ಬ ಅಕ್ಕಸಾಲಿಗ. ಅರ್ತೆಮಿ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿ ಮಾರುವವನು. ಪೌಲನಿಂದ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಕಸುಬಿನವರನ್ನೆಲ್ಲ ಸೇರಿಸಿ ಭಾಷಣ ಮಾಡಿದ. ಮೊದಲ ಮಾತು ನಮ್ಮ ಸಂಪತ್ತು ಈ ಕಸುಬಿನಿಂದ ಅಂತ. ದೇವಿಯ ಮಾನದ ಮಾತು ಆಮೇಲೆ ಬಂತು. ಇದೇ ಪೌಲನ ಹೆಸರಿನಲ್ಲಿರುವ ಕೊಲೊಸ್ಸೆಯವರ ಪತ್ರದಲ್ಲಿ ದುರಾಸೆಯೇ ವಿಗ್ರಹಾರಾಧನೆ ಅಂತ ಇದೆ, ಅದೂ ಸಭೆಯ ಒಳಗಿನವರಿಗೇ ಬರೆದದ್ದು. ಇರಲಿ. ಜನ ಪೌಲನ ಜೊತೆಗಾರರನ್ನು ಹಿಡಿದುಕೊಂಡು, 20 ಸಾವಿರಕ್ಕೂ ಜಾಸ್ತಿ ಮಂದಿ ಹಿಡಿಸುವ ಬಯಲು ರಂಗಮಂದಿರಕ್ಕೆ ನುಗ್ಗಿದರು. ಟರ್ಕಿಯಲ್ಲಿ ಅದರ ಮೆಟ್ಟಿಲುಗಳು ಇವತ್ತಿಗೂ ಇವೆ. ಎರಡು ತಾಸು ಒಂದೇ ಕೂಗು. ಹೆಚ್ಚಿನವರಿಗೆ ಯಾಕೆ ಬಂದಿದ್ದೇವೆ ಅಂತಲೇ ಗೊತ್ತಿರಲಿಲ್ಲವಂತೆ.

ಆಗ ಊರಿನ ಲೆಕ್ಕಪತ್ರದ ಅಧಿಕಾರಿ ಎದ್ದು ನಿಂತ. ಅವನು ಕ್ರೈಸ್ತನಲ್ಲ. ಪೌಲ ಆ ಊರಿಗೆ ಬಂದು ಎರಡು ವರ್ಷಕ್ಕೂ ಮೇಲಾಗಿತ್ತು, ಅವನ ನಡೆನುಡಿ ಊರಿಗೆಲ್ಲ ಗೊತ್ತಿತ್ತು. ಅಧಿಕಾರಿ ಹೇಳಿದ: ನೀವು ಹಿಡಿದು ತಂದಿರುವ ಈ ಜನ ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ. ದೇಮೇತ್ರಿಯನಿಗೆ ದೂರಿದ್ದರೆ ನ್ಯಾಯಾಲಯ ತೆರೆದಿದೆ, ಅಲ್ಲಿ ಹೋಗಿ ಹೇಳಿಕೊಳ್ಳಲಿ. ಹೀಗೆ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದ.